ಹೊಸ ಲ್ಯಾಪ್‌ಟಾಪ್ ತಂದ ದಿನವೇ ಕೀಲಿಮಣೆ ಸರಿಪಡಿಸಿಕೊಳ್ಳಿ

ಕಚೇರಿಗೆ ಹೊಸ ಲ್ಯಾಪ್‌ಟಾಪ್ ಕೊಳ್ಳುವಾಗ ಎಲ್ಲರೂ ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು, ವಾರಂಟಿ ಎಷ್ಟು ವರ್ಷ ಎಂದು ಕೇಳುತ್ತಾರೆ. ಕೀಲಿಮಣೆಯ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಆದರೆ ಯಂತ್ರ ಬಂದು ಒಂದೆರಡು ದಿನ ಕಳೆಯುತ್ತಿದ್ದಂತೆ ನನಗೆ ಬರುವ ಫೋನುಗಳೆಲ್ಲ ಕೀಲಿಮಣೆಯ ಬಗ್ಗೆಯೇ ಇರುತ್ತವೆ. "ಮೇಡಂ, ಸೇಲ್ಸ್ ವೋಚರ್ ತೆರೆಯಲು ಎಫ್‌8 ಒತ್ತಿದರೆ ವೈಫೈ ಹೋಗುತ್ತಿದೆ." "ಮೇಡಂ, ಬಲಗಡೆಯ ಕಂಟ್ರೋಲ್ ಎಲ್ಲಿ ಹೋಯಿತು?" "ಮೇಡಂ, ಇದರಲ್ಲಿ ಕನ್ನಡವೇ ಬರುತ್ತಿಲ್ಲವಲ್ಲ?"

ಧಾರವಾಡದಲ್ಲಿ ಟೈಪಿಂಗ್ ಕಲಿಸುವುದು ನನ್ನ ಕಸುಬು. ಇಲ್ಲಿನ ವಕೀಲರು, ಹುಬ್ಬಳ್ಳಿಯ ತೆರಿಗೆ ಸಲಹೆಗಾರರು, ಅಮರಗೋಳದ ಎಪಿಎಂಸಿ ಪ್ರಾಂಗಣದ ದಲಾಲಿ ಅಂಗಡಿಯವರು ಹೊಸ ಯಂತ್ರ ತಂದಾಗ ಅದನ್ನು ಕೆಲಸಕ್ಕೆ ಸಿದ್ಧಗೊಳಿಸಲು ಕರೆಯುತ್ತಾರೆ. ಅಲ್ಲಿ ಕುಳಿತು ಟೈಪ್ ಮಾಡುವವರಲ್ಲಿ ಅನೇಕರು ನನ್ನ ಬಳಿಯೇ ಕಲಿತವರು. ಕೀಲಿಮಣೆ ನೋಡದೆ ದಾವೆಯ ಕರಡನ್ನು ಟೈಪ್ ಮಾಡುವ ವೇಗವೇ ಅವರ ಅನ್ನ. ಆ ವೇಗವನ್ನು ಹೊಸ ಮಾದರಿಯೊಂದು ಕಿತ್ತುಕೊಳ್ಳುವುದು ನನಗೆ ಸಹಿಸಲಾಗದ ಸಂಗತಿ. ಆದ್ದರಿಂದ ನಾನು ಹೇಳುವುದು ಇಷ್ಟೇ: ಬೆರಳು ಹೊಸ ಅಭ್ಯಾಸ ಹಿಡಿಯುವ ಮೊದಲೇ, ಯಂತ್ರ ತಂದ ದಿನವೇ, ಬದಲಾಯಿಸಲು ಬರುವುದನ್ನೆಲ್ಲ ಬದಲಾಯಿಸಿಬಿಡಿ. ಒಂದು ಗಂಟೆಯ ಕೆಲಸ.

ಕೀಲಿಮಣೆ ಬದಲಾಗುವುದು ಹೊಸದೇನಲ್ಲ. ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳಲ್ಲಿ ಮೊದಲು ಏಳು ಸಾಲಿನ ಕೀಲಿಗಳಿದ್ದವು. 2012ರ ಮಾದರಿಗಳಲ್ಲಿ ಅವು ಆರು ಸಾಲಾದವು. 2014ರ ಎಕ್ಸ್‌1 ಕಾರ್ಬನ್‌ನಲ್ಲಿ ಎಫ್ ಕೀಲಿಗಳ ಸಾಲನ್ನೇ ತೆಗೆದು ಮುಟ್ಟಿದರೆ ಬದಲಾಗುವ ಪಟ್ಟಿಯನ್ನು ಕೂರಿಸಿದ್ದರು. ಬಳಸುವವರು ಒಪ್ಪಲಿಲ್ಲ, ಮರುವರ್ಷ ಕೀಲಿಗಳು ಹಿಂತಿರುಗಿದವು. ಹೀಗಾಗಿ ತೊಂದರೆಯಾದರೆ ಸುಮ್ಮನಿರಬೇಡಿ. ಮಾರಿದವರಿಗೂ ಕಂಪನಿಗೂ ತಿಳಿಸಿ.

ಕೊಳ್ಳುವ ಮೊದಲು

ಕಚೇರಿಗೆ ಒಟ್ಟಿಗೆ ಹತ್ತು ಯಂತ್ರ ತರುವವರಿದ್ದರೆ ಮೊದಲು ಒಂದನ್ನು ತರಿಸಿ, ಟೈಪ್ ಮಾಡುವವರ ಕೈಗೆ ಅರ್ಧ ದಿನ ಕೊಡಿ. ಮಾಲೀಕರ ಕೈಗಲ್ಲ. ಬಾಣದ ಕೀಲಿಗಳು ಪೂರ್ತಿ ಗಾತ್ರದಲ್ಲಿವೆಯೇ, ಪೇಜ್ ಅಪ್ ಮತ್ತು ಪೇಜ್ ಡೌನ್ ಬೇರೆಯಾಗಿ ಇವೆಯೇ, ಡಿಲೀಟ್ ಪಕ್ಕದಲ್ಲೇ ಪವರ್ ಬಟನ್ ಕೂತಿದೆಯೇ ಎಂಬುದನ್ನು ಅವರು ಹೇಳಲಿ. ಲೆಕ್ಕದ ಕೆಲಸವಿದ್ದರೆ ಸಂಖ್ಯೆಗಳ ಪ್ರತ್ಯೇಕ ಕಟ್ಟೆ, ಅಂದರೆ ನಂಬರ್ ಪ್ಯಾಡ್, ಮುಖ್ಯ. 14 ಇಂಚಿನ ವ್ಯಾಪಾರಿ ಮಾದರಿಗಳಲ್ಲಿ ಅದು ಇರುವುದಿಲ್ಲ. ಯುಎಸ್‌ಬಿ ನಂಬರ್ ಪ್ಯಾಡ್ ಒಂದನ್ನು ಜೊತೆಗೇ ಕೊಂಡುಬಿಡಿ. ಬ್ಯಾಡಗಿ ಮೆಣಸಿನಕಾಯಿಯ ಲಾಟು, ತೂಕ, ದರ ಎಲ್ಲವನ್ನೂ ಮೇಲಿನ ಸಾಲಿನ ಅಂಕಿಗಳಿಂದಲೇ ತುಂಬುವುದು ಮಣಿಕಟ್ಟಿಗೆ ಶಿಕ್ಷೆ.

ಹೊರದೇಶದಿಂದ ಬಂದ ಬಳಸಿದ ಯಂತ್ರವಾದರೆ ಇನ್ನೊಂದು ಎಚ್ಚರ ಬೇಕು. ಎಂಟರ್ ಕೀಲಿ ಎರಡು ಸಾಲಿಗೆ ಎತ್ತರವಾಗಿದ್ದು, 3ರ ಮೇಲೆ ಪೌಂಡ್ ಚಿಹ್ನೆ ಇದ್ದರೆ ಅದು ಬ್ರಿಟಿಷ್ ವಿನ್ಯಾಸ. ಅದರಲ್ಲಿ ಶಿಫ್ಟ್ ಹಿಡಿದು 2 ಒತ್ತಿದರೆ ಉದ್ಧರಣ ಚಿಹ್ನೆ ಬರುತ್ತದೆ, ಇಮೇಲ್ ವಿಳಾಸದ ಚಿಹ್ನೆ ಬೇರೆಡೆ ಇರುತ್ತದೆ. ವಿಂಡೋಸ್‌ನಲ್ಲಿ ಭಾರತದ ಇಂಗ್ಲಿಷ್ ಆಯ್ದರೆ ಅಕ್ಷರಗಳು ನಮ್ಮ ರೂಢಿಯಂತೆ ಬರುತ್ತವೆ, ಆದರೆ ಕೀಲಿಯ ಮೇಲಿನ ಅಚ್ಚು ಬೇರೆಯೇ ಹೇಳುತ್ತಿರುತ್ತದೆ. ಕೀಲಿ ನೋಡದೆ ಟೈಪ್ ಮಾಡುವವರಿಗೆ ಇದು ಅಡ್ಡಿಯಲ್ಲ, ಹೊಸಬರಿಗೆ ಬೇಡ.

ಎಫ್ ಸಾಲು

ಮೊದಲು ಸರಿಪಡಿಸಬೇಕಾದದ್ದು ಇದನ್ನೇ. ಹೊಸ ಯಂತ್ರಗಳಲ್ಲಿ ಮೇಲಿನ ಸಾಲು ಮೊದಲಿಗೆ ಧ್ವನಿ, ಪರದೆಯ ಬೆಳಕು, ಮೈಕ್ ಇವುಗಳ ಕೆಲಸ ಮಾಡುತ್ತದೆ. ನಿಜವಾದ ಎಫ್‌5 ಬೇಕಾದರೆ ಎಫ್‌ಎನ್ (Fn) ಕೀಲಿಯನ್ನೂ ಹಿಡಿಯಬೇಕು. ಲೆಕ್ಕದ ತಂತ್ರಾಂಶವಾದ ಟ್ಯಾಲಿಯಲ್ಲಿ ಎಫ್‌4 ಕಾಂಟ್ರಾ, ಎಫ್‌5 ಪೇಮೆಂಟ್, ಎಫ್‌6 ರಿಸೀಟ್, ಎಫ್‌7 ಜರ್ನಲ್, ಎಫ್‌8 ಸೇಲ್ಸ್, ಎಫ್‌9 ಪರ್ಚೇಸ್. ದಿನವಿಡೀ ಈ ಆರು ಕೀಲಿಗಳ ಮೇಲೆಯೇ ಬದುಕುವವರಿಗೆ ಪ್ರತಿ ಸಲ ಎರಡು ಕೀಲಿ ಒತ್ತಿಸುವುದು ಅನ್ಯಾಯ.

ತಾತ್ಕಾಲಿಕ ಉಪಾಯ ಸುಲಭ. ಲೆನೊವೊ ಮತ್ತು ಡೆಲ್‌ನ ಬಹುತೇಕ ಮಾದರಿಗಳಲ್ಲಿ ಎಫ್‌ಎನ್ ಹಿಡಿದು ಎಸ್ಕೇಪ್ ಒತ್ತಿದರೆ ಸಾಲು ಪೂರ್ತಿ ಎಫ್ ಕೀಲಿಗಳಾಗುತ್ತದೆ. ಇನ್ನೊಮ್ಮೆ ಒತ್ತಿದರೆ ಮೊದಲಿನಂತೆ. ಎಚ್‌ಪಿಯ ಹಲವು ವ್ಯಾಪಾರಿ ಮಾದರಿಗಳಲ್ಲಿ ಇದು ಎಫ್‌ಎನ್ ಮತ್ತು ಎಡ ಶಿಫ್ಟ್. ಗೊತ್ತಾಗದಿದ್ದರೆ ಎಸ್ಕೇಪ್ ಮತ್ತು ಶಿಫ್ಟ್ ಕೀಲಿಗಳ ಮೇಲೆ ಬೀಗದ ಪುಟ್ಟ ಚಿತ್ರ ಹುಡುಕಿ. ಶಾಶ್ವತವಾಗಿ ಮಾಡಬೇಕಾದರೆ ಬಯಾಸ್ ಒಳಗೆ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಯಂತ್ರದ ಮೂಲ ಸೆಟ್ಟಿಂಗ್ಸ್ ಒಳಗೆ, ಹೋಗಬೇಕು. ಯಂತ್ರ ಚಾಲೂ ಆಗುವಾಗ ಥಿಂಕ್‌ಪ್ಯಾಡ್‌ನಲ್ಲಿ ಎಫ್‌1, ಡೆಲ್‌ನಲ್ಲಿ ಎಫ್‌2, ಎಚ್‌ಪಿಯಲ್ಲಿ ಎಫ್‌10 ಒತ್ತುತ್ತಿರಿ. ಕೀಬೋರ್ಡ್ ಅಥವಾ ಫಂಕ್ಷನ್ ಕೀ ಎಂಬ ಹೆಸರಿನ ಭಾಗದಲ್ಲಿ ಎಫ್‌1ರಿಂದ ಎಫ್‌12ರವರೆಗಿನ ಕೀಲಿಗಳಿಗೆ ಆದ್ಯತೆ ಕೊಡುವ ಆಯ್ಕೆ ಸಿಗುತ್ತದೆ.

ಬಯಾಸ್ ಮುಟ್ಟುವ ಮೊದಲು, ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್‌ನ ರಿಕವರಿ ಕೀ ನಿಮ್ಮ ಬಳಿ ಇದೆಯೇ ನೋಡಿಕೊಳ್ಳಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಬಯಾಸ್‌ನ ಕೆಲವು ಬದಲಾವಣೆಗಳ ನಂತರ ವಿಂಡೋಸ್ ಆ 48 ಅಂಕಿಯ ಸಂಖ್ಯೆಯನ್ನು ಕೇಳಬಹುದು. ಅದಿಲ್ಲದಿದ್ದರೆ ಡಿಸ್ಕ್‌ನಲ್ಲಿರುವ ಕಡತಗಳು ಕೈಗೆ ಸಿಗುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯಲ್ಲಿ ಅಥವಾ ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವವರ ಬಳಿ ಅದು ಇರುತ್ತದೆ. ಮುದ್ರಿಸಿ ಕಪಾಟಿನಲ್ಲಿಡಿ.

ಒಂದು ಕೊಡುಕೊಳ್ಳುವಿಕೆ ಮಾತ್ರ ಇದೆ. ಕೆಲವು ಮಾದರಿಗಳಲ್ಲಿ ಹೋಮ್ ಮತ್ತು ಎಂಡ್ ಎರಡೂ ಎಫ್ ಸಾಲಿನ ಕೀಲಿಗಳ ಮೇಲೆಯೇ ಇವೆ. ಎಫ್ ಕೀಲಿಗಳನ್ನು ಮುಂದಿಟ್ಟರೆ ಹೋಮ್‌ಗೆ ಎಫ್‌ಎನ್ ಬೇಕಾಗುತ್ತದೆ. ಲೆಕ್ಕ ಬರೆಯುವವರಿಗೆ ಎಫ್ ಸಾಲು ಇರಲಿ; ಪತ್ರ, ಕರಡು ಟೈಪ್ ಮಾಡುವವರಿಗೆ ಹೋಮ್, ಎಂಡ್ ಇರಲಿ. ಎಲ್ಲ ಯಂತ್ರಗಳಲ್ಲೂ ಒಂದೇ ರೀತಿ ಇರಬೇಕೆಂದು ಇಲ್ಲಿ ಹಟ ಹಿಡಿಯಬೇಡಿ.

ಎಡಗಡೆಯ ಮೂಲೆ

ಇಲ್ಲಿ ಮಾತ್ರ ಹಟ ಹಿಡಿಯಿರಿ. ಥಿಂಕ್‌ಪ್ಯಾಡ್‌ಗಳಲ್ಲಿ ಬಹುಕಾಲ ಕೆಳಗಿನ ಎಡಮೂಲೆಯಲ್ಲಿ ಎಫ್‌ಎನ್ ಇತ್ತು, ಕಂಟ್ರೋಲ್ ಅದರ ಒಳಬದಿಗೆ. 2024ರಿಂದ ಬಂದ ಮಾದರಿಗಳಲ್ಲಿ ಇವೆರಡನ್ನೂ ಅದಲುಬದಲು ಮಾಡತೊಡಗಿದ್ದಾರೆ. ಉಳಿದ ಬಹುತೇಕ ಕಂಪನಿಗಳ ವಿಂಡೋಸ್ ಯಂತ್ರಗಳಲ್ಲಿ ಮೊದಲಿನಿಂದಲೂ ಮೂಲೆಯಲ್ಲಿ ಕಂಟ್ರೋಲ್ ಇತ್ತು, ಹಾಗಾಗಿ ಬದಲಾವಣೆ ಒಳ್ಳೆಯದೇ. ಆದರೆ ಒಂದೇ ಕಚೇರಿಯಲ್ಲಿ ಹಳೆಯದು ಎರಡು, ಹೊಸದು ಎರಡು ಇದ್ದು, ಟೈಪಿಸ್ಟ್ ಒಂದು ದಿನ ಈ ಮೇಜು, ಮರುದಿನ ಆ ಮೇಜು ಎಂದು ಕೂರುತ್ತಿದ್ದರೆ ಕಾಪಿ ಮಾಡಲು ಹೋಗಿ ಬರೇ ಸಿ ಅಕ್ಷರ ಬೀಳುತ್ತದೆ, ಆಯ್ದ ಪ್ಯಾರಾ ಅಳಿಸಿಹೋಗುತ್ತದೆ. ಹಳೆಯ ಯಂತ್ರಗಳ ಬಯಾಸ್‌ನಲ್ಲಿ ಎಫ್‌ಎನ್ ಮತ್ತು ಕಂಟ್ರೋಲ್ ಅದಲುಬದಲು ಮಾಡುವ ಆಯ್ಕೆ ಇದೆ; ಲೆನೊವೊ ವಾಂಟೇಜ್ ತಂತ್ರಾಂಶದಿಂದಲೂ ಮಾಡಬಹುದು. ಕಚೇರಿಯ ಎಲ್ಲ ಯಂತ್ರಗಳನ್ನೂ ಮೂಲೆಯಲ್ಲಿ ಕಂಟ್ರೋಲ್ ಇರುವಂತೆ ಹೊಂದಿಸಿ.

ಕೋಪೈಲಟ್ ಕೀಲಿಗೆ ಒಳ್ಳೆಯ ಕೆಲಸ ಕೊಡಿ

1994ರಲ್ಲಿ ವಿಂಡೋಸ್ ಕೀಲಿ ಬಂದ ಮೇಲೆ ಕೀಲಿಮಣೆಗೆ ಸೇರಿದ ದೊಡ್ಡ ಬದಲಾವಣೆ ಇದು. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಎಐ ಸಹಾಯಕ ಕೋಪೈಲಟ್ ಅನ್ನು ತೆರೆಯುವ ಈ ಕೀಲಿಯನ್ನು ಘೋಷಿಸಿತು. ಹೊಸ ವ್ಯಾಪಾರಿ ಲ್ಯಾಪ್‌ಟಾಪ್‌ಗಳಲ್ಲಿ ಅದು ಬಲಗಡೆಯ ಆಲ್ಟ್ ಪಕ್ಕದಲ್ಲಿ, ಬಹಳ ಕಡೆ ಬಲ ಕಂಟ್ರೋಲ್ ಇದ್ದ ಜಾಗದಲ್ಲೇ ಕೂತಿದೆ. ಟೈಪಿಂಗ್ ಕಲಿಸುವವಳಾಗಿ ನನಗೆ ಇದು ಬಹಳ ನೋವಿನ ವಿಷಯ. ಎಡಗೈ ಅಕ್ಷರಕ್ಕೆ ಬಲಗೈ ಕಂಟ್ರೋಲ್, ಬಲಗೈ ಅಕ್ಷರಕ್ಕೆ ಎಡಗೈ ಕಂಟ್ರೋಲ್ ಎಂದು ಮೊದಲ ವಾರವೇ ಹೇಳಿಕೊಡುತ್ತೇವೆ. ಎ, ಎಸ್, ಝಡ್, ಸಿ, ವಿ ಎಲ್ಲವೂ ಎಡಗೈ ಅಕ್ಷರಗಳು. ಟ್ಯಾಲಿಯಲ್ಲಿ ವೋಚರ್ ಒಪ್ಪಿಸುವ ಕಂಟ್ರೋಲ್ ಮತ್ತು ಎ ಕೂಡ ಹಾಗೆಯೇ. ಬಲ ಕಂಟ್ರೋಲ್ ಹೋದರೆ ಎಡಗೈ ಕಿರುಬೆರಳು ಇಡೀ ದಿನ ತಿರುಚಿಕೊಂಡೇ ಇರಬೇಕಾಗುತ್ತದೆ.

ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಪರ್ಸನಲೈಸೇಷನ್, ಅದರೊಳಗೆ ಟೆಕ್ಸ್ಟ್ ಇನ್‌ಪುಟ್ ತೆರೆದರೆ ಕೋಪೈಲಟ್ ಕೀಲಿ ಯಾವುದನ್ನು ತೆರೆಯಬೇಕು ಎಂದು ಬದಲಾಯಿಸಬಹುದು. ಆದರೆ ಅಲ್ಲಿ ಆ್ಯಪ್ ಅಥವಾ ಹುಡುಕಾಟವನ್ನು ಆಯ್ದುಕೊಳ್ಳಲು ಬರುತ್ತದೆಯೇ ಹೊರತು ಇನ್ನೊಂದು ಕೀಲಿಯಾಗಿಸಲು ಅಷ್ಟು ಸಾಲದು. ಅದಕ್ಕೆ ಮೈಕ್ರೋಸಾಫ್ಟ್‌ನದೇ ಉಚಿತ ಪವರ್‌ಟಾಯ್ಸ್ ತಂತ್ರಾಂಶ ಹಾಕಿಕೊಳ್ಳಿ. ಅದರಲ್ಲಿ ಕೀಬೋರ್ಡ್ ಮ್ಯಾನೇಜರ್ ತೆರೆದು, ಶಾರ್ಟ್‌ಕಟ್ ಬದಲಾಯಿಸುವ ಭಾಗಕ್ಕೆ ಹೋಗಿ. ಒಂಟಿ ಕೀಲಿ ಬದಲಾಯಿಸುವ ಭಾಗಕ್ಕಲ್ಲ. ಏಕೆಂದರೆ ಕೋಪೈಲಟ್ ಕೀಲಿ ಒತ್ತಿದಾಗ ಯಂತ್ರಕ್ಕೆ ತಲುಪುವುದು ವಿಂಡೋಸ್, ಎಡ ಶಿಫ್ಟ್ ಮತ್ತು ಎಫ್‌23 ಎಂಬ ಮೂರು ಕೀಲಿಗಳ ಜೋಡಣೆ. ಆ ಜೋಡಣೆಯನ್ನು ಬಲ ಕಂಟ್ರೋಲ್‌ಗೆ ಹೊಂದಿಸಿ ಉಳಿಸಿ. ಪವರ್‌ಟಾಯ್ಸ್ ಚಾಲೂ ಇರುವಾಗ ಮಾತ್ರ ಇದು ನಡೆಯುತ್ತದೆ, ಲಾಗಿನ್ ಪರದೆಯಲ್ಲಿ ನಡೆಯುವುದಿಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ತಂತ್ರಾಂಶದೊಳಗೆ ನಡೆಯಬೇಕಾದರೆ ಪವರ್‌ಟಾಯ್ಸ್ ಕೂಡ ಅಡ್ಮಿನಿಸ್ಟ್ರೇಟರ್ ಆಗಿಯೇ ಓಡುತ್ತಿರಬೇಕು. "ಕೆಲವು ಕಡೆ ನಡೆಯುತ್ತದೆ, ಕೆಲವು ಕಡೆ ಇಲ್ಲ" ಎನ್ನುವವರು ಮೊದಲು ಇದನ್ನೇ ಪರೀಕ್ಷಿಸಬೇಕು.

ಕನ್ನಡ ಬರುತ್ತಿಲ್ಲ ಎಂದರೆ

ನಮ್ಮ ಊರಿನ ಕಚೇರಿಗಳಲ್ಲಿ ಇದಕ್ಕಿಂತ ದೊಡ್ಡ ತೊಡಕು ಬೇರೆ ಇಲ್ಲ. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವವರು ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ದಾಟಲು ಸ್ಕ್ರೋಲ್ ಲಾಕ್ ಒತ್ತಿ ರೂಢಿಯಾದವರು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಲಿಯ ಅಚ್ಚೇ ಇರುವುದಿಲ್ಲ. ನುಡಿ ಸರಿಯಾಗಿಯೇ ಇರುತ್ತದೆ, ಅಕ್ಷರಶೈಲಿಯೂ ಇರುತ್ತದೆ, ದಾಟುವ ಬಾಗಿಲು ಮಾತ್ರ ಕಾಣುವುದಿಲ್ಲ. ಅಂಗಡಿಯವರು ನುಡಿಯನ್ನು ತೆಗೆದು ಮತ್ತೆ ಹಾಕುತ್ತಾರೆ, ಫಲವಿಲ್ಲ.

ತಕ್ಷಣದ ದಾರಿ: ವಿಂಡೋಸ್, ಕಂಟ್ರೋಲ್ ಮತ್ತು ಒ ಅಕ್ಷರವನ್ನು ಒಟ್ಟಿಗೆ ಒತ್ತಿ. ಪರದೆಯ ಮೇಲೆ ಕೀಲಿಮಣೆ ಮೂಡುತ್ತದೆ. ಅದರಲ್ಲಿ ಸ್ಕ್ರೋಲ್ ಲಾಕ್ ಇದೆ, ಮೌಸ್‌ನಿಂದ ಒತ್ತಿ. ಥಿಂಕ್‌ಪ್ಯಾಡ್ ಆದರೆ ಎಫ್‌ಎನ್ ಮತ್ತು ಕೆ ಒತ್ತಿದರೆ ಸಾಕು. ಅವುಗಳಲ್ಲಿ ಎಫ್‌ಎನ್ ಜೊತೆ ಪಿ ಒತ್ತಿದರೆ ಪಾಜ್ (Pause), ಬಿ ಒತ್ತಿದರೆ ಬ್ರೇಕ್. ಹಳೆಯ ಲೆಕ್ಕದ ತಂತ್ರಾಂಶ ಉಳಿಸಿಕೊಂಡವರಿಗೆ ಇವೂ ಬೇಕಾಗಬಹುದು.

ಶಾಶ್ವತ ದಾರಿ ನನಗೆ ಬಹಳ ಇಷ್ಟವಾದದ್ದು. ಮೇಲೆ ಹೇಳಿದ ಪವರ್‌ಟಾಯ್ಸ್‌ನಲ್ಲೇ ಕೋಪೈಲಟ್ ಕೀಲಿಯನ್ನು ಬಲ ಕಂಟ್ರೋಲ್‌ಗೆ ಬದಲಾಗಿ ಸ್ಕ್ರೋಲ್ ಲಾಕ್‌ಗೆ ಹೊಂದಿಸಿ. ಹಳೆಯ ಸ್ಕ್ರೋಲ್ ಲಾಕ್ ದೂರದ ಮೇಲಿನ ಮೂಲೆಯಲ್ಲಿತ್ತು, ಅದಕ್ಕಾಗಿ ಕೈ ಎತ್ತಬೇಕಿತ್ತು. ಈಗ ಭಾಷೆ ಬದಲಿಸುವ ಕೀಲಿ ಸ್ಪೇಸ್ ಬಾರ್‌ನ ಪಕ್ಕಕ್ಕೆ, ಹೆಬ್ಬೆರಳ ಅಳತೆಗೆ ಬಂದಿದೆ. ವಾಕ್ಯದ ನಡುವೆ ಕಲಂ ಸಂಖ್ಯೆ, ಇಂಗ್ಲಿಷ್ ಹೆಸರು, ಮತ್ತೆ ಕನ್ನಡ ಎಂದು ಓಡಾಡುವ ವಕೀಲರ ಟೈಪಿಸ್ಟ್‌ಗಳಿಗೆ ಇದು ದೊಡ್ಡ ಅನುಕೂಲ. ಮೊದಲು ಖಾಲಿ ಪುಟದಲ್ಲಿ ಪರೀಕ್ಷಿಸಿ, ನಂತರ ಕೆಲಸದ ಕಡತ ತೆರೆಯಿರಿ. ಬಲ ಕಂಟ್ರೋಲೋ ಸ್ಕ್ರೋಲ್ ಲಾಕೋ ಎಂದು ಕೇಳಿದರೆ, ಅಂಕಿಯ ಕಚೇರಿಗೆ ಮೊದಲನೆಯದು, ಅಕ್ಷರದ ಕಚೇರಿಗೆ ಎರಡನೆಯದು.

ನುಡಿ ಬೇಡ, ಯೂನಿಕೋಡ್‌ನಲ್ಲೇ ಬರೆಯುತ್ತೇನೆ ಎನ್ನುವವರು ಸೆಟ್ಟಿಂಗ್ಸ್‌ನ ಭಾಷೆಯ ಪುಟದಲ್ಲಿ ಕನ್ನಡ ಸೇರಿಸಿಕೊಂಡು, ವಿಂಡೋಸ್ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸಬಹುದು. ಅಲ್ಲಿ ಕನ್ನಡ ಎಂದಷ್ಟೇ ಇರುವುದು ಇನ್‌ಸ್ಕ್ರಿಪ್ಟ್, ಅಂದರೆ ಭಾರತೀಯ ಭಾಷೆಗಳಿಗೆ ಸಾಮಾನ್ಯವಾದ ಕೀಲಿ ವಿನ್ಯಾಸ. ಉಚ್ಚಾರಣೆಯಂತೆ ಇಂಗ್ಲಿಷ್ ಅಕ್ಷರ ಒತ್ತಿ ಬರೆಯುವ ಫೋನೆಟಿಕ್ ವಿನ್ಯಾಸ ಬೇರೆ ಇದೆ. ಎರಡೂ ನುಡಿಯಂತಲ್ಲ. ನುಡಿಯಲ್ಲಿ ಎಫ್ ಅಕ್ಷರ ಒತ್ತಿ ಒತ್ತಕ್ಷರ ಕೂಡಿಸಲು ಕಲಿತ ಕೈಯನ್ನು ಬಲವಂತವಾಗಿ ಬೇರೆ ವಿನ್ಯಾಸಕ್ಕೆ ತಳ್ಳಬೇಡಿ. ಹೊಸದಾಗಿ ಕಲಿಯುವವರಿದ್ದರೆ ಮಾತು ಬೇರೆ.

ಉಳಿದ ಸಣ್ಣ ಕೆಲಸಗಳು

ರೂಪಾಯಿ ಚಿಹ್ನೆಗೆ ಭಾರತದ ಇಂಗ್ಲಿಷ್ ವಿನ್ಯಾಸ ಆಯ್ದು, ಬಲ ಆಲ್ಟ್ ಹಿಡಿದು 4 ಒತ್ತಿ. 4ರ ಮೇಲೆ ₹ ಅಚ್ಚಾಗಿದ್ದರೂ ಅಮೆರಿಕದ ವಿನ್ಯಾಸ ಆಯ್ದಿದ್ದರೆ ಅದು ಬರುವುದಿಲ್ಲ.

ಡಿಲೀಟ್ ಪಕ್ಕದ ಪವರ್ ಬಟನ್ ತಪ್ಪಿ ಒತ್ತಿದರೆ ಯಂತ್ರ ನಿದ್ದೆಗೆ ಜಾರುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ, ಪವರ್ ಬಟನ್ ಒತ್ತಿದರೆ ಏನೂ ಮಾಡಬೇಡ ಎಂದು ಹೊಂದಿಸಿ. ಬ್ಯಾಟರಿಗೂ ಕರೆಂಟಿಗೂ ಬೇರೆಬೇರೆ ಆಯ್ಕೆಗಳಿವೆ, ಎರಡನ್ನೂ ಬದಲಾಯಿಸಿ. ಪ್ರಿಂಟ್ ಸ್ಕ್ರೀನ್ ಎಲ್ಲಿ ಅಡಗಿದ್ದರೂ ವಿಂಡೋಸ್, ಶಿಫ್ಟ್ ಮತ್ತು ಎಸ್ ಒತ್ತಿದರೆ ಬೇಕಾದಷ್ಟು ಪರದೆಯನ್ನು ಕತ್ತರಿಸಿಕೊಳ್ಳಬಹುದು. ಜಿಎಸ್‌ಟಿ ಪೋರ್ಟಲ್‌ನ ದೋಷದ ಸಂದೇಶವನ್ನು ಕಳುಹಿಸಲು ಇದೇ ಸಾಕು.

ಇಷ್ಟು ಮಾಡಿದ ಮೇಲೆ ಪವರ್‌ಟಾಯ್ಸ್‌ನ ಜನರಲ್ ಪುಟದಲ್ಲಿ ಬ್ಯಾಕಪ್ ಒತ್ತಿ, ಆ ಕಡತವನ್ನು ಪೆನ್‌ಡ್ರೈವ್‌ಗೆ ಹಾಕಿ. ಬಯಾಸ್‌ನಲ್ಲಿ ಬದಲಿಸಿದ್ದನ್ನು ಕಾಗದದ ಮೇಲೆ ಬರೆದು ಬಿಲ್ಲಿನ ಜೊತೆ ಇಡಿ. ಯಂತ್ರ ರಿಪೇರಿಗೆ ಹೋಗಿ ಮದರ್‌ಬೋರ್ಡ್ ಬದಲಾದರೆ ಬಯಾಸ್ ಆಯ್ಕೆಗಳು ಕಾರ್ಖಾನೆಯಲ್ಲಿ ಇದ್ದಂತೆ ಬರುತ್ತವೆ. ಆಗ ಆ ಚೀಟಿ ನೋಡಿ ಯಾರಾದರೂ ಮತ್ತೆ ಹೊಂದಿಸಬಹುದು, ನನ್ನನ್ನು ಕರೆಯುವ ಅಗತ್ಯವೇ ಬೀಳುವುದಿಲ್ಲ.