ಸಮ ಹಗುರ, ಏಳು-ಎಂಟು ಭಾರ

ಕ್ಯೂಬಾ ಸಂಗೀತಕ್ಕೆ ಅಡಿಪಾಯವಾದ ಐದು ಪೆಟ್ಟಿನ ಲಯ ಕ್ಲಾವೆಯನ್ನು ಬಾಯಿಪಾಠ ಮಾಡುವುದು ಮೃದಂಗ ಕಲಿತವರಿಗೆ ಒಂದು ನಿಮಿಷದ ಕೆಲಸ. ತಕಿಟ ತಕಿಟ ತಕದಿಮಿ ತಕ ತಕದಿಮಿ. ಮೂರು, ಮೂರು, ನಾಲ್ಕು, ಎರಡು, ನಾಲ್ಕು; ಕೂಡಿದರೆ 16. ಪ್ರತಿ ತುಂಡಿನ ಮೊದಲ ಅಕ್ಷರಕ್ಕೆ ಎರಡು ಗಟ್ಟಿಮರದ ಕೋಲುಗಳನ್ನು ತಟ್ಟಿದರೆ ಅದು ಸೋನ್ ಕ್ಲಾವೆ. ಎರಡನೆಯ ತಕಿಟವನ್ನು ಅದರ ಮುಂದಿನ ತಕದಿಮಿಯ ಆಚೆಗೆ ಕಳಿಸಿ, ತಕಿಟ ತಕದಿಮಿ ತಕಿಟ ತಕ ತಕದಿಮಿ ಎಂದರೆ ರುಂಬಾ ಕ್ಲಾವೆ. ಐದು ಪೆಟ್ಟುಗಳಲ್ಲಿ ಮೂರನೆಯದು ಮಾತ್ರ ಒಂದು ಮಾತ್ರೆ, ಅಂದರೆ ಒಂದು ಅಕ್ಷರ, ತಡವಾಗುತ್ತದೆ, ಅಷ್ಟೇ. ಸೋನ್, ರುಂಬಾ ಎರಡೂ ಅಲ್ಲಿನ ಹಾಡು-ಕುಣಿತದ ಪ್ರಕಾರಗಳು.

ಕಷ್ಟ ಶುರುವಾಗುವುದು ಕಾಂಗಾದ ಮುಂದೆ ಕುಳಿತಾಗ. ಕ್ಯೂಬಾದವರು ತುಂಬಾದೋರಾ ಎನ್ನುವ ಈ ಉದ್ದನೆಯ ಚರ್ಮವಾದ್ಯವನ್ನು ಸೋನ್ ತಂಡಗಳ ಒಳಗೆ ಗಟ್ಟಿಯಾಗಿ ನೆಲೆಗೊಳಿಸಿದವರಲ್ಲಿ ಮುಖ್ಯರು 1940ರ ದಶಕದ ಆರ್ಸೇನಿಯೊ ರೊಡ್ರಿಗೆಸ್. ಗಿಟಾರಿನಂಥ ತ್ರೆಸ್ ನುಡಿಸುತ್ತಿದ್ದ, ಕಣ್ಣು ಕಾಣದ ವಾದಕ. ಕಾಂಗಾದಲ್ಲಿ ನುಡಿಸುವ ಮೂಲ ನಡೆಯ ಹೆಸರು ತುಂಬಾವೊ. ಎಂಟು ಪೆಟ್ಟು: ಎಡಗೈಯ ಅಂಗೈ ಬುಡ, ಎಡಗೈಯ ಬೆರಳು, ಬಲಗೈಯ ಸ್ಲ್ಯಾಪ್ (ಸಿಡಿಯುವ ಪೆಟ್ಟು), ಎಡಗೈಯ ಬೆರಳು, ಮತ್ತೆ ಅಂಗೈ ಬುಡ, ಬೆರಳು, ಕೊನೆಗೆ ಬಲಗೈಯಿಂದ ಎರಡು ಓಪನ್, ಅಂದರೆ ಮೊಳಗಲು ಬಿಟ್ಟ, ಪೆಟ್ಟು. ಕೂತವರಿಗೆಲ್ಲ ಕೇಳಿಸುವುದು ಈ ಕೊನೆಯ ಎರಡು ಮತ್ತು ನಡುವಿನ ಸ್ಲ್ಯಾಪ್. ಉಳಿದವು ಪಿಸುಮಾತು.

ತಾಳ ಹಾಕಿ ಬೆಳೆದ ಕಿವಿ ಇಲ್ಲಿ ಸುಮ್ಮನಿರುವುದಿಲ್ಲ. ನಮ್ಮಲ್ಲಿ ಮುಕ್ತಾಯವೆಲ್ಲ ಬಂದು ಬೀಳುವುದು ತಾಳ ಶುರುವಾಗುವ ಸಮದ ಮೇಲೆ, ಇಲ್ಲವೇ ಹಾಡು ಎತ್ತಿಕೊಳ್ಳುವ ಎಡುಪಿನ ಮೇಲೆ. ಗಟ್ಟಿಯಾಗಿ ಏನಾದರೂ ಮೊಳಗಿದರೆ ಅದನ್ನೇ ಸಮವೆಂದು ಕಿವಿ ತೀರ್ಮಾನಿಸಿಬಿಡುತ್ತದೆ. ತುಂಬಾವೊದ ಮೊದಲ ಮಾತ್ರೆಯಲ್ಲಿ ಇರುವುದು ಅಂಗೈ ಬುಡದ ಮೆತ್ತನೆಯ ಒತ್ತು. ಭಾರ ಇರುವುದು ಏಳು ಮತ್ತು ಎಂಟರಲ್ಲಿ. ಅದರ ಜೊತೆ ನುಡಿಯುವ ಬಾಸ್ ವಾದ್ಯವೂ ನಾಲ್ಕು ಮತ್ತು ಏಳನೆಯ ಮಾತ್ರೆಗಳನ್ನು ಹಿಡಿದು ಒಂದನ್ನು ಬಿಟ್ಟುಬಿಡುತ್ತದೆ. ಇಡೀ ತಂಡ ಸಮವನ್ನು ನಿಮ್ಮ ಕಾಲಿಗೆ ಒಪ್ಪಿಸಿ ತಾನು ಬೇರೆ ಕಡೆ ನಿಂತಿರುತ್ತದೆ. ಜತಿಗಳನ್ನು ಬಾಯಲ್ಲಿ ಹೇಳುವ ಕೊನ್ನಕ್ಕೋಲಿನ ಲೆಕ್ಕ ಇದಕ್ಕೆ ಸಾಲದು. ಲೆಕ್ಕ ಸರಿಯಾಗಿರುತ್ತದೆ, ಭಾರ ಮಾತ್ರ ತಪ್ಪಿದ ಜಾಗದಲ್ಲಿ ಕುಳಿತಿರುತ್ತದೆ.

ಕಿವಿಯನ್ನು ಕಿವಿಯಿಂದಲೇ ತಿದ್ದುವ ಬದಲು ನಾನು ಕಣ್ಣಿನ ಸಹಾಯ ಪಡೆದೆ. ಲಯವನ್ನು ವೃತ್ತವಾಗಿ ಬರೆಯುವುದು ಹೊಸ ಉಪಾಯವೇನಲ್ಲ; ಬಾಗ್ದಾದಿನ ಸಫಿ ಅಲ್-ದೀನ್ ಅಲ್-ಉರ್ಮವಿ 13ನೆಯ ಶತಮಾನದಲ್ಲೇ ಅರಬ್ಬಿ ಲಯಗಳನ್ನು ವೃತ್ತಗಳಲ್ಲಿ ಬರೆದಿಟ್ಟಿದ್ದ. ನಾನು ಮಾಡಿದ್ದು ಅದಕ್ಕೆ ಚಲನೆ ಕೊಟ್ಟದ್ದು. ಬ್ರೌಸರಿನಲ್ಲಿ ಓಡುವ ಸಣ್ಣ ಪ್ರೋಗ್ರಾಂ ಬರೆದು, 16 ಚುಕ್ಕೆಗಳ ಮೂರು ವೃತ್ತಗಳನ್ನು ಒಂದರೊಳಗೊಂದು ಇಟ್ಟೆ. ಹೊರಗಿನದು ಕ್ಲಾವೆ. ನಡುವಿನದು ಕಾಂಗಾ, ಅದರಲ್ಲಿ ಓಪನ್ ಪೆಟ್ಟಿಗೆ ದೊಡ್ಡ ಚುಕ್ಕೆ, ಸ್ಲ್ಯಾಪಿಗೆ ಕೆಂಪು ಚುಕ್ಕೆ, ಪಿಸುಮಾತುಗಳಿಗೆ ಸಾಸಿವೆಗಾತ್ರದ ಚುಕ್ಕೆ. ಒಳಗಿನದು ಕಾಲು: 1, 5, 9, 13ನೆಯ ಚುಕ್ಕೆಗಳನ್ನು ಸೇರಿಸಿದ ಚೌಕ. ಕೇಂದ್ರದಿಂದ ಹೊರಟ ಒಂದು ಕಡ್ಡಿ ಸುತ್ತುತ್ತ ಹೋದಂತೆ ತಾಗಿದ ಚುಕ್ಕೆ ಬೆಳಗುತ್ತದೆ, ಅದರ ಸದ್ದು ಕೇಳಿಸುತ್ತದೆ.

ಇಂಥದ್ದನ್ನು ತಾವೇ ಬರೆಯಲು ಹೊರಟವರಿಗೆ ಎರಡು ಮಾತು. ಜಾವಾಸ್ಕ್ರಿಪ್ಟಿನ ಸಾಮಾನ್ಯ ಟೈಮರ್ ನಂಬಿ ಸದ್ದು ಹೊರಡಿಸಬಾರದು. ಅದು ಅಲ್ಲಲ್ಲಿ ಕೆಲವು ಮಿಲಿಸೆಕೆಂಡು ಜಾರುತ್ತದೆ, ಲಯಕ್ಕೆ ಕೂತ ಕಿವಿಗೆ ಅದು ತಕ್ಷಣ ಗೊತ್ತಾಗುತ್ತದೆ. ಬ್ರೌಸರಿನಲ್ಲೇ ಇರುವ ವೆಬ್ ಆಡಿಯೊದ ಸ್ವಂತ ಗಡಿಯಾರದಲ್ಲಿ ಪೆಟ್ಟುಗಳನ್ನು ಸ್ವಲ್ಪ ಮುಂಚಿತವಾಗಿ ಗೊತ್ತುಮಾಡಿ, ಕಡ್ಡಿಯ ಜಾಗವನ್ನು ಅದೇ ಗಡಿಯಾರದಿಂದ ಲೆಕ್ಕ ಹಾಕಬೇಕು. ಕಣ್ಣು ಸದ್ದನ್ನು ಹಿಂಬಾಲಿಸಬೇಕೇ ಹೊರತು ಸದ್ದು ಕಣ್ಣನ್ನಲ್ಲ. ಎರಡನೆಯದು, ಬ್ಲೂಟೂತ್ ಇಯರ್‌ಫೋನ್ ಬೇಡವೇ ಬೇಡ. ಒಂದು ಸುತ್ತಿಗೆ 4 ಸೆಕೆಂಡು ಇಟ್ಟರೆ ಚುಕ್ಕೆಯಿಂದ ಚುಕ್ಕೆಗೆ 250 ಮಿಲಿಸೆಕೆಂಡು. ಬ್ಲೂಟೂತಿನ ವಿಳಂಬ ನೂರು ದಾಟುವುದು ಸಾಮಾನ್ಯ. ಬೆಳಕು ಒಂದು ಕಡೆ, ಸದ್ದು ಇನ್ನೊಂದು ಕಡೆ. ತಂತಿಯ ಹಳೆಯ ಇಯರ್‌ಫೋನೇ ಸರಿ.

ಚಕ್ರ ತಿರುಗತೊಡಗಿದ ಮೇಲೆ ಬಾಯಿಲೆಕ್ಕದಲ್ಲಿ ಎಂದೂ ಹೊಳೆಯದ ಸಂಬಂಧಗಳು ಎದುರಿಗೇ ಕಂಡವು. ತುಂಬಾವೊ ಎಂಟು ಮಾತ್ರೆಯದು, ಕ್ಲಾವೆ 16 ಮಾತ್ರೆಯದು. ಹಾಗಾಗಿ ಒಂದು ಸುತ್ತಿನಲ್ಲಿ ತುಂಬಾವೊ ಎರಡು ಸಲ ಬರುತ್ತದೆ, ದೊಡ್ಡ ಚುಕ್ಕೆಗಳು 7, 8, 15, 16ರಲ್ಲಿ ಕೂರುತ್ತವೆ. ಸೋನ್ ಕ್ಲಾವೆಯ ಪೆಟ್ಟುಗಳು 1, 4, 7, 11, 13ರಲ್ಲಿ. ಮೂರನೆಯ ಪೆಟ್ಟು ನೇರವಾಗಿ ಮೊದಲ ಓಪನ್ ಪೆಟ್ಟಿನ ನೆತ್ತಿಯ ಮೇಲಿದೆ. ನಾಲ್ಕನೆಯದು ಎರಡನೆಯ ತುಂಬಾವೊದ ಸ್ಲ್ಯಾಪಿನ ಮೇಲೆ. ಈಗ ರುಂಬಾ ಕ್ಲಾವೆಗೆ ಬದಲಾಯಿಸಿದರೆ ಆ ಮೂರನೆಯ ಚುಕ್ಕೆ 7ರಿಂದ 8ಕ್ಕೆ ಹಾರಿ ಎರಡನೆಯ ಓಪನ್ ಪೆಟ್ಟಿನ ಮೇಲೆ ಕೂರುತ್ತದೆ. ಎರಡು ಕ್ಲಾವೆಗಳ ವ್ಯತ್ಯಾಸ ಕೈಗೆ ಹತ್ತಿದ್ದು ಇಲ್ಲಿಂದಲೇ: ಒಂದರಲ್ಲಿ ಬಲಗೈಯ ಜೋಡಿಪೆಟ್ಟಿನ ಮೊದಲನೆಯದಕ್ಕೆ ಕೋಲು ಜೊತೆಗಾರ, ಇನ್ನೊಂದರಲ್ಲಿ ಎರಡನೆಯದಕ್ಕೆ.

ಐದು ಚುಕ್ಕೆಗಳನ್ನು ಗೆರೆಯಿಂದ ಸೇರಿಸಿದಾಗ ಇನ್ನೊಂದು ಸಂಗತಿ ಕಂಡಿತು. ಸೋನ್ ಕ್ಲಾವೆಯ ಪಂಚಭುಜವನ್ನು 4ರಿಂದ 12ಕ್ಕೆ ಎಳೆದ ಗೆರೆಯ ಮೇಲೆ ಮಡಿಸಿದರೆ ಎರಡೂ ಪಕ್ಕ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. 1 ಹೋಗಿ 7ರ ಮೇಲೆ, 11 ಹೋಗಿ 13ರ ಮೇಲೆ. ರುಂಬಾ ಕ್ಲಾವೆಯನ್ನು ಹೇಗೆ ಮಡಿಸಿದರೂ ಕೂರುವುದಿಲ್ಲ. ಕ್ಯೂಬಾದ ಹವಾನಾ ಮತ್ತು ಮತಾನ್ಸಾಸಿನ ಬಂದರು ಕೇರಿಗಳಲ್ಲಿ, ಸರಕಿನ ಮರದ ಪೆಟ್ಟಿಗೆಗಳನ್ನೇ ವಾದ್ಯವಾಗಿಸಿಕೊಂಡು ಬೆಳೆದ ರುಂಬಾದಲ್ಲಿ ಸದಾ ಏನೋ ಮುಂದಕ್ಕೆ ವಾಲಿದಂತೆ ಕೇಳುವುದಕ್ಕೆ ಇದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಕೇಳಿದ್ದಕ್ಕೆ ಹೊಂದುವ ಚಿತ್ರ ಅದು.

ಅಭ್ಯಾಸದ ಕ್ರಮ ಸರಳ. ಒಂದು ಸುತ್ತಿಗೆ 8 ಸೆಕೆಂಡು ಇಟ್ಟು, ಮೊದಲು ಒಳಗಿನ ಚೌಕಕ್ಕೆ ಕಾಲು, ಹೊರಗಿನ ವೃತ್ತಕ್ಕೆ ಬಾಯಿ. ಆಮೇಲೆ ಕಾಂಗಾದ ವೃತ್ತದ ಸದ್ದನ್ನು ಮಾತ್ರ ನಿಲ್ಲಿಸಿ, ಚುಕ್ಕೆಗಳನ್ನು ನೋಡುತ್ತ ಕೈಯಿಂದ ಅದನ್ನು ತುಂಬುವುದು. ಆಮೇಲೆ ತಿರುವುಮುರುವು: ಚುಕ್ಕೆಗಳನ್ನು ಅಡಗಿಸಿ ಸದ್ದನ್ನು ಮಾತ್ರ ಉಳಿಸುವುದು. ಇವೆಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ವೃತ್ತದ ಅರ್ಧಕ್ಕೆ ತೆರೆ ಎಳೆಯುವುದು. ಕಡ್ಡಿ ತೆರೆಯ ಹಿಂದೆ ಮರೆಯಾಗುತ್ತದೆ, ಸದ್ದೂ ನಿಲ್ಲುತ್ತದೆ, ಕೈ ಮಾತ್ರ ನಡೆಯುತ್ತಿರಬೇಕು. ಕಡ್ಡಿ ಹೊರಬಂದಾಗ ಕೈಯೂ ಅದೂ ಒಟ್ಟಿಗೆ ಇವೆಯೋ ಇಲ್ಲವೋ ತಕ್ಷಣ ತಿಳಿಯುತ್ತದೆ. ಮೊದಲರ್ಧದಲ್ಲಿ ಮೂರು, ಎರಡನೆಯರ್ಧದಲ್ಲಿ ಎರಡು ಪೆಟ್ಟಿರುವ ಮೂರು-ಎರಡರ ಕ್ಲಾವೆಯನ್ನು ಎರಡು-ಮೂರಕ್ಕೆ ತಿರುಗಿಸುವುದೂ ಇಲ್ಲಿ ಸುಲಭ. ಚಕ್ರವನ್ನು ಅರ್ಧ ಸುತ್ತು ತಿರುಗಿಸಿದರೆ ಆಯಿತು. ಕಾಲಿನ ಚೌಕ ಕದಲುವುದಿಲ್ಲ, ತುಂಬಾವೊ ಕದಲುವುದಿಲ್ಲ, ಕ್ಲಾವೆಯೊಂದೇ ತಲೆಕೆಳಗು.

ಆರರ ಲೆಕ್ಕದ ಲಯಗಳಿಗೆ 12 ಚುಕ್ಕೆಗಳ ಇನ್ನೊಂದು ಚಕ್ರ ಬೇಕಾಯಿತು. ಬೆಂಬೆ ಎಂಬ ಆಫ್ರೋ-ಕ್ಯೂಬನ್ ಪೂಜೆಯ ಲಯದಲ್ಲಿ ಗಂಟೆ ನುಡಿಸುವ ಏಳು ಪೆಟ್ಟುಗಳು 1, 3, 5, 6, 8, 10, 12ರಲ್ಲಿವೆ. ಅದನ್ನು ನೋಡಿದ ಕೂಡಲೇ ಸಂಗೀತ ಕಲಿತ ಯಾರಿಗಾದರೂ ನಗು ಬರಬೇಕು: ಸ್ಥಾಯಿಯ 12 ಸ್ವರಸ್ಥಾನಗಳಲ್ಲಿ ಶಂಕರಾಭರಣ ರಾಗದ ಏಳು ಸ್ವರಗಳು ಕೂರುವುದೂ ಅಲ್ಲೇ. ಅಷ್ಟೇ ಅಲ್ಲ, 12 ಮಾತ್ರೆಯ ಸೋನ್ ಕ್ಲಾವೆಯ ಐದು ಪೆಟ್ಟು 1, 3, 5, 8, 10, ಅದು ಮೋಹನ. ರುಂಬಾ ಕ್ಲಾವೆಯಲ್ಲಿ ಗಾಂಧಾರದ ಜಾಗದ ಪೆಟ್ಟು ಶುದ್ಧ ಮಧ್ಯಮಕ್ಕೆ ಸರಿದರೆ ಶುದ್ಧ ಸಾವೇರಿ. ಗಂಟೆಯನ್ನು ಬೇರೆ ಪೆಟ್ಟಿನಿಂದ ಆರಂಭಿಸಿ ಚಕ್ರ ತಿರುಗಿಸುವುದು ಆಧಾರ ಸ್ವರ ಬದಲಿಸುವ ಗ್ರಹಭೇದವಲ್ಲದೆ ಮತ್ತೇನೂ ಅಲ್ಲ. ಇದರಿಂದ ಮತಾನ್ಸಾಸಿಗೂ ಮೈಸೂರಿಗೂ ನಂಟು ಕಟ್ಟುವ ಉತ್ಸಾಹ ಬೇಡ. 12ರಲ್ಲಿ ಏಳನ್ನು ಆದಷ್ಟು ಸಮವಾಗಿ ಹರಡಿದರೆ ಎಲ್ಲಿ ಮಾಡಿದರೂ ಬರುವುದು ಇದೇ ಆಕಾರ. ನನಗೆ ಅದು ನೆನಪಿನ ಗೂಟ. ಪೆಟ್ಟು ಮರೆತರೆ ಸರಿಗಮ ಗುನುಗಿದರೆ ಸಾಕು.

ಗಂಟೆಯ ನಿಜವಾದ ಚಮತ್ಕಾರ ತೋರಿಸಿದ್ದು ಎರಡು ಬಣ್ಣ. ಬೆಸ ಚುಕ್ಕೆಗಳಿಗೆ ನೀಲಿ, ಸಮ ಚುಕ್ಕೆಗಳಿಗೆ ಹಳದಿ ಬಳಿದೆ. ಗಂಟೆ ನೀಲಿಯ ಮೇಲೆ ಮೂರು ಹೆಜ್ಜೆ ಇಟ್ಟು, ಹಳದಿಗೆ ದಾಟಿ ನಾಲ್ಕು ಹೆಜ್ಜೆ ನಡೆದು, ಮತ್ತೆ ನೀಲಿಗೆ ಮರಳುತ್ತದೆ. ಕಾಲು ಮಾತ್ರ 1, 4, 7, 10ರಲ್ಲಿ ತನ್ನ ಪಾಡಿಗೆ ತಾನಿದೆ. ನಾಲ್ಕು ಹೆಜ್ಜೆಗಳಲ್ಲಿ ಎರಡಕ್ಕೆ ಮಾತ್ರ ಗಂಟೆಯ ಜೊತೆ, 1 ಮತ್ತು 10. ಈ ಎರಡನ್ನು ಹಿಡಿದುಕೊಂಡರೆ ಉಳಿದದ್ದರ ನಡುವೆ ಕಳೆದುಹೋಗುವುದಿಲ್ಲ.

ಚಕ್ರ ಏನನ್ನು ಕೊಡುವುದಿಲ್ಲ ಎಂಬುದೂ ಬೇಗ ಗೊತ್ತಾಯಿತು. ಸ್ಲ್ಯಾಪ್ ಸಿಡಿಯುವಂತೆ ಬರಲು ಬೆರಳುಗಳು ಎಷ್ಟು ಬಾಗಿರಬೇಕು, ಅಂಗೈ ಅಂಚಿಗೆ ಎಲ್ಲಿ ತಾಗಬೇಕು ಎಂಬುದನ್ನು ಯಾವ ಚುಕ್ಕೆಯೂ ಹೇಳದು. ಅದಕ್ಕೆ ನುಡಿಸುವವರ ಕೈ ನೋಡಬೇಕು. ಬಾತಾ ವಾದ್ಯಗಳನ್ನು ನಾನು ಚಕ್ರಕ್ಕೆ ಏರಿಸಲೇ ಇಲ್ಲ. ಪಶ್ಚಿಮ ಆಫ್ರಿಕಾದ ಯೊರುಬಾ ಜನರ ಜೊತೆ ಕ್ಯೂಬಾಕ್ಕೆ ಬಂದ ಲುಕುಮಿ ಪೂಜೆಯಲ್ಲಿ ಒರಿಷಾ ಎಂಬ ದೇವತೆಗಳನ್ನು ಕರೆಯುವ ಎರಡು ಮುಖದ ಮೂರು ವಾದ್ಯಗಳು ಅವು. ದೊಡ್ಡದಾದ ಇಯಾ ಕರೆದರೆ ಇತೊತೆಲೆ ಉತ್ತರಿಸುತ್ತದೆ, ಒಕೊಂಕೊಲೊ ಲಯ ಹಿಡಿದಿರುತ್ತದೆ. ಕರೆ ಯಾವಾಗ ಬರುತ್ತದೆ ಎಂಬುದನ್ನು ನಿರ್ಧರಿಸುವುದು ಹಾಡು ಮತ್ತು ಸಂದರ್ಭ. ಸುತ್ತುತ್ತಲೇ ಇರುವ ಯಂತ್ರಕ್ಕೆ ಆ ಸಂಭಾಷಣೆ ಒಗ್ಗುವುದಿಲ್ಲ. ಪೂಜೆಗೆಂದು ಪ್ರತಿಷ್ಠೆಯಾದ ಬಾತಾಗಳನ್ನು ದೀಕ್ಷೆ ಪಡೆದವರು ಮಾತ್ರ ಮುಟ್ಟುವ ಪದ್ಧತಿಯೂ ಇರುವಾಗ, ಅದನ್ನು ಕಂಪ್ಯೂಟರಿನ ಆಟವಾಗಿಸಲು ನನಗೆ ಮನಸ್ಸೂ ಬರಲಿಲ್ಲ.

ಇನ್ನೊಂದು ಕೊರತೆಗೆ ಮಾತ್ರ ಕೈಹಾಕಿದ್ದೇನೆ. 1952ರಿಂದ ನುಡಿಸುತ್ತ ಬಂದಿರುವ ಲೋಸ್ ಮುನ್ಯೆಕಿತೋಸ್ ದೆ ಮತಾನ್ಸಾಸ್ ತಂಡದ ಗ್ವಾಗ್ವಾಂಕೊ (ರುಂಬಾದ ಒಂದು ಬಗೆ) ಕೇಳುತ್ತ ಚಕ್ರ ನೋಡಿದರೆ, ಅವರ ಪೆಟ್ಟುಗಳು ನನ್ನ ಚುಕ್ಕೆಗಳ ಮೇಲೆ ಬೀಳುವುದೇ ಇಲ್ಲ. 16ರ ಚುಕ್ಕೆಗೂ 12ರ ಚುಕ್ಕೆಗೂ ನಡುವೆ ಎಲ್ಲೋ ಬೀಳುತ್ತವೆ. ಎರಡು ಚಕ್ರಗಳನ್ನು ಒಂದರ ಮೇಲೊಂದು ಇಟ್ಟು ರುಂಬಾ ಕ್ಲಾವೆಯ ಕೋನಗಳನ್ನು ಅಳೆದೆ. ಮೊದಲ ಪೆಟ್ಟು ಮತ್ತು ಐದನೆಯ ಪೆಟ್ಟು ಎರಡರಲ್ಲೂ ಒಂದೇ ಜಾಗದಲ್ಲಿವೆ, 0 ಮತ್ತು 270 ಡಿಗ್ರಿ. ಎರಡನೆಯದು 60ರಿಂದ 67.5ಕ್ಕೆ, ಮೂರನೆಯದು 150ರಿಂದ 157.5ಕ್ಕೆ, ನಾಲ್ಕನೆಯದು 210ರಿಂದ 225ಕ್ಕೆ ಸರಿಯುತ್ತವೆ. ಅಂದರೆ ಸುತ್ತಿಗೆ 4 ಸೆಕೆಂಡು ಇದ್ದಾಗ ಎರಡನೆಯ ಮತ್ತು ಮೂರನೆಯ ಪೆಟ್ಟುಗಳ ಓಡಾಟದ ಬಯಲು 83 ಮಿಲಿಸೆಕೆಂಡು, ನಾಲ್ಕನೆಯದಕ್ಕೆ ಅದರ ಎರಡರಷ್ಟು. ಈಗ ಚಕ್ರದ ಕೆಳಗೆ ಒಂದು ಜಾರುಗುಂಡಿ (ಸ್ಲೈಡರ್) ಇಟ್ಟಿದ್ದೇನೆ. ಎಡಕ್ಕೆ ಎಳೆದರೆ ಮೂರು ಚುಕ್ಕೆಗಳೂ 12ರ ಕಡೆಗೆ, ಬಲಕ್ಕೆ ಎಳೆದರೆ 16ರ ಕಡೆಗೆ ಜಾರುತ್ತವೆ. ಧ್ವನಿಮುದ್ರಿಕೆ ಹಾಕಿಕೊಂಡು ಗುಂಡಿಯನ್ನು ಹೊಂದಿಸಲು ಕೂರುತ್ತೇನೆ. ಹಾಡು ಬದಲಾದರೆ ಗುಂಡಿಯ ಜಾಗವೂ ಬದಲು. ಒಮ್ಮೊಮ್ಮೆ ಒಂದೇ ಹಾಡಿನಲ್ಲಿ, ಗಾಯಕರ ಗುಂಪು ದನಿಗೂಡಿಸಿದ ಮೇಲೆ, ಅದನ್ನು ಮತ್ತೆ ಎಳೆಯಬೇಕಾಗುತ್ತದೆ.