ಹಳೇ ಫೋರ್ ಬೈ ಫೋರ್ ಕೊಳ್ಳುವ ಮುನ್ನ ಗಾಡಿಯ ಅಡಿಗೆ ತೂರಿ ನೋಡಿ

ಮಲೆನಾಡಿನಲ್ಲಿ ಮನೆ ಇದ್ದವರಿಗೆ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿ, ಬೇಕೆಂಬ ಆಸೆ ಬಂದೇ ಬರುತ್ತದೆ. ಮಳೆ ಹಿಡಿಯಿತೆಂದರೆ ತೋಟದ ಏರಿನಲ್ಲಿ ಮಾಮೂಲಿ ಕಾರಿನ ಚಕ್ರ ಸುಮ್ನೆ ತಿರುಗುತ್ತದೆ, ಗಾಡಿ ನಿಂತಲ್ಲೇ ನಿಂತಿರುತ್ತದೆ. ಹೊಸದಕ್ಕೆ ದುಡ್ಡಿಲ್ಲ. ಹಳೇ ಮಾರುತಿ ಜಿಪ್ಸಿಯೋ ಮಹೀಂದ್ರ ಥಾರೋ ಸಿಕ್ಕರೆ ಸಾಕು ಅನ್ನಿಸುತ್ತದೆ.

ಮೊದಲು ಗಾಡಿ ಯಾವುದೆಂದು ತೀರ್ಮಾನಿಸಿ. ಜಿಪ್ಸಿ ಪೆಟ್ರೋಲ್ ಗಾಡಿ, ಹಗುರ, ರಿಪೇರಿ ಸುಲಭ. 1996ರಲ್ಲಿ ಬಂದ 1.3 ಲೀಟರ್ ಎಂಜಿನ್ನಿನ ‘ಕಿಂಗ್’ ನೋಡಿ. ಅದಕ್ಕೂ ಹಿಂದಿನ 970 ಸಿಸಿಯದು ಏರಿನಲ್ಲಿ ಏದುಸಿರು ಬಿಡುತ್ತದೆ. ಪಟ್ಟಿ ಸ್ಪ್ರಿಂಗ್ ಆದ್ದರಿಂದ ಹಿಂದೆ ಕೂತವರ ಸೊಂಟ ದೇವರಿಗೇ ಪ್ರೀತಿ. 2010ರ ನಂತರದ ಡೀಸೆಲ್ ಥಾರ್‌ಗೆ ಎಳೆಯುವ ಶಕ್ತಿ ಜಾಸ್ತಿ, ಬೆಲೆಯೂ ಜಾಸ್ತಿ. ಥಾರ್ ಅಂದಾಕ್ಷಣ ಫೋರ್ ಬೈ ಫೋರ್ ಅಲ್ಲ, ನೆನಪಿರಲಿ. ಎರಡೇ ಚಕ್ರಕ್ಕೆ ಎಳೆತವಿರುವ ಥಾರ್‌ಗಳೂ ಇವೆ.

ಈಗ ಅಸಲಿ ಕೆಲಸ. ನಾನೊಮ್ಮೆ ಜಿಪ್ಸಿ ನೋಡಲು ಹೋಗಿದ್ದೆ. ಪೇಂಟ್ ಫಳಫಳ, ದಪ್ಪ ಟೈರು. ಫೋರ್ ಬೈ ಫೋರ್ ಹಾಕುವ ಎರಡನೇ ಲಿವರ್ ಬೆಣ್ಣೆಯಂತೆ ಬೀಳುತ್ತಿತ್ತು. ಗೋಣಿಚೀಲ ಹಾಸಿಕೊಂಡು ಅಡಿಗೆ ತೂರಿದರೆ, ಮುಂದಿನ ಚಕ್ರಗಳಿಗೆ ಎಳೆತ ಒಯ್ಯುವ ದಂಡ, ಪ್ರೊಪೆಲ್ಲರ್ ಶಾಫ್ಟೇ ಇಲ್ಲ! ಮೈಲೇಜ್ ಬರಲಿ ಎಂದು ಬಿಚ್ಚಿಟ್ಟಿದ್ದರಂತೆ. ‘ಅದನ್ನೆಲ್ಲ ಯಾರು ಹಾಕ್ತಾರೆ ಬಿಡಿ ಸಾರ್’ ಎಂದರು ಮಾರುವವರು.

ಅಡಿಯಲ್ಲಿದ್ದಾಗಲೇ ಛಾಸಿಯನ್ನು (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು) ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಇನ್ನೂ ಜೋರಾಗಿ ತಟ್ಟಿ. ಮೆಕ್ಯಾನಿಕ್ ಜೊತೆಗಿದ್ದರೆ, ಮುಂದಿನ ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸಿನ ಆಯಿಲ್ ಸ್ವಲ್ಪ ತೆಗೆಸಿ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಒಳಗೆ ನೀರು ಹೋಗಿದೆ.

ನಂತರ ಕೆಸರಿರುವ ಜಾಗಕ್ಕೆ ಒಯ್ಯಿರಿ. ಕೆಲವು ಜಿಪ್ಸಿಗಳಲ್ಲಿ ಮುಂದಿನ ಚಕ್ರದ ನಡುವಿನ ಹಬ್ಬನ್ನು ಕೈಯಲ್ಲೇ ತಿರುಗಿಸಿ ಲಾಕ್ ಮಾಡಬೇಕು, ಮರೆಯಬೇಡಿ. ಎರಡನೇ ಲಿವರನ್ನು ಫೋರ್ ಹೈಗೆ (ನಾಲ್ಕೂ ಚಕ್ರಕ್ಕೆ ಎಳೆತ, ಮಾಮೂಲಿ ವೇಗ) ಹಾಕಿ ಹೊರಡಿ. ಹೊರಗೆ ನಿಂತ ಸ್ನೇಹಿತರು ಮುಂದಿನ ಚಕ್ರ ಕೆಸರು ಎರಚುತ್ತಿದೆಯೇ ನೋಡಲಿ. ಕೆಸರು ಕಡಿಮೆಯಿರುವ ಮಣ್ಣಿನ ನೆಲದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಬಿಟ್ಟರೆ ಯಾರೋ ಬ್ರೇಕ್ ಹಿಡಿದಂತೆ ಬಿಗಿಯಾಗಬೇಕು. ಇದೇ ಕಾರಣಕ್ಕೆ ಒಣ ಟಾರು ರಸ್ತೆಯಲ್ಲಿ ಫೋರ್ ಬೈ ಫೋರ್ ಹಾಕಬಾರದು, ಒಳಗಿನ ಭಾಗಗಳಿಗೆ ಪೆಟ್ಟು. ಆಮೇಲೆ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು ಫೋರ್ ಲೋ (ವೇಗ ಕಡಿಮೆ, ಎಳೆತ ಜಾಸ್ತಿ) ಹಾಕಿ, ಫಸ್ಟ್ ಗೇರಿನಲ್ಲಿ ಏರು ಹತ್ತಿಸಿ. ನಡುವೆ ಲಿವರ್ ತಾನಾಗಿ ಕಳಚಿಕೊಂಡರೆ ಆ ಗಾಡಿ ಬೇಡ. ನಾಲ್ಕೂ ಟೈರ್ ಒಂದೇ ಅಳತೆಯದೇ ಎಂದೂ ನೋಡಿ.

ಹಳೇ ಜಿಪ್ಸಿಗಳಲ್ಲಿ ಏರ್‌ಬ್ಯಾಗೂ ಇಲ್ಲ, ಬ್ರೇಕ್ ಹಾಕಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್ಸೂ ಇಲ್ಲ. ಈಗಷ್ಟೇ ಡ್ರೈವಿಂಗ್ ಕಲಿತ ಮಗನಿಗೆ ಕೊಡಿಸುವವರು ಇದನ್ನು ಎರಡು ಸಲ ಯೋಚಿಸಬೇಕು, ಅಲ್ವಾ?

ಕೊನೆಗೆ ಕಾಗದಪತ್ರ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಛಾಸಿ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಿ. ಹೊರರಾಜ್ಯದ ಗಾಡಿ ಅಗ್ಗ ಅನ್ನಿಸಿದರೂ ಇಲ್ಲಿನ ರಸ್ತೆ ತೆರಿಗೆ ಸೇರಿಸಿ ಲೆಕ್ಕ ಹಾಕಿ. ಅಂಥ ಗಾಡಿಗೆ ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ.