ಐಸಿಯುನಲ್ಲಿ ಕುಸಿದ ಬಿಪಿಯನ್ನು ಎತ್ತಿ ನಿಲ್ಲಿಸುವುದು ಹೇಗೆ?

ತೀವ್ರ ಸೋಂಕಿನಿಂದ ಐಸಿಯು ಸೇರಿದವರ ರಕ್ತನಾಳಗಳು ಬಿಗಿ ಕಳೆದುಕೊಂಡು ಹಿಗ್ಗುತ್ತವೆ, ಬಿಪಿ ಕುಸಿಯುತ್ತದೆ. ನಾಳಗಳನ್ನು ಮತ್ತೆ ಬಿಗಿಗೊಳಿಸುವ ಔಷಧಿಗಳೇ ವಾಸೋಪ್ರೆಸರ್‌ಗಳು. ಸೋಂಕು ಇವುಗಳಿಂದ ವಾಸಿಯಾಗದು; ಆ್ಯಂಟಿಬಯೋಟಿಕ್ ಕೆಲಸ ಮಾಡುವವರೆಗೆ ಮಿದುಳು, ಮೂತ್ರಪಿಂಡಗಳಿಗೆ ರಕ್ತ ತಲುಪುವಂತೆ ಇವು ನೋಡಿಕೊಳ್ಳುತ್ತವೆ, ಅಷ್ಟೆ.

ಮೊದಲು ಡ್ರಿಪ್. ಮೂರು ಗಂಟೆಗಳೊಳಗೆ ತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿಲೀಟರ್ ದ್ರವ ಕೊಡುವುದು ರೂಢಿ. ಹೃದಯ ದುರ್ಬಲವಾಗಿದ್ದರೆ ಇಲ್ಲಿ ಕೈ ಬಿಗಿ ಹಿಡಿಯಬೇಕು. ಬಿಪಿ ತೀರಾ ಇಳಿದಿದ್ದರೆ ಡ್ರಿಪ್ ಮುಗಿಯಲೆಂದು ಕಾಯುವಂತಿಲ್ಲ, ಔಷಧಿಯನ್ನೂ ಜೊತೆಗೇ ಆರಂಭಿಸುತ್ತಾರೆ.

ಗುರಿ, ಸರಾಸರಿ ಒತ್ತಡ 65. ಮೇಲಿನ ಮತ್ತು ಕೆಳಗಿನ ಅಂಕಿಗಳ ವ್ಯತ್ಯಾಸದ ಮೂರನೇ ಒಂದು ಭಾಗವನ್ನು ಕೆಳಗಿನದಕ್ಕೆ ಕೂಡಿಸಿದರೆ ಸರಾಸರಿ ಸಿಗುತ್ತದೆ: 90/50 ಇದ್ದರೆ ಸುಮಾರು 63. ಕೈಪಟ್ಟಿಯ ಅಳತೆಯನ್ನೇ ನೆಚ್ಚದೆ ಮಣಿಕಟ್ಟಿನ ಅಪಧಮನಿಗೆ ಸಣ್ಣ ನಳಿಕೆ ಹಾಕಿದರೆ ಪ್ರತಿ ಬಡಿತದ ಒತ್ತಡವೂ ಪರದೆಯಲ್ಲಿ ಕಾಣುತ್ತದೆ.

ಮೊದಲ ಆಯ್ಕೆ ನಾರ್‌ಅಡ್ರಿನಾಲಿನ್. ಹಿಂದೆ ಧಾರಾಳವಾಗಿ ಬಳಸುತ್ತಿದ್ದ ಡೋಪಮಿನ್, ಹೃದಯಬಡಿತದ ತಾಳ ತಪ್ಪಿಸುವುದು ಹೆಚ್ಚೆಂದು ತಿಳಿದ ಮೇಲೆ ಹಿಂದೆ ಸರಿದಿದೆ. 50 ಮಿಲಿಲೀಟರ್ ಸಿರಿಂಜಿನಲ್ಲಿ 4 ಮಿಲಿಗ್ರಾಂ ಔಷಧಿ ಇದ್ದರೆ ಪ್ರತಿ ಮಿಲಿಲೀಟರ್‌ನಲ್ಲಿ 80 ಮೈಕ್ರೋಗ್ರಾಂ. 60 ಕಿಲೋ ತೂಕದವರಿಗೆ ನಿಮಿಷಕ್ಕೆ ಕಿಲೋಗೆ 0.1 ಮೈಕ್ರೋಗ್ರಾಂ ಬೇಕೆಂದರೆ ಪಂಪ್ ಗಂಟೆಗೆ 4.5 ಮಿಲಿಲೀಟರ್ ತಳ್ಳಬೇಕು. ಎಲ್ಲ ಕಡೆ ಮಿಶ್ರಣ ಒಂದೇ ಇರುವುದಿಲ್ಲ. ಆದ್ದರಿಂದ ಸಿರಿಂಜಿನ ಮೇಲಿನ ಚೀಟಿ ಓದದೆ ಪಂಪ್ ಮುಟ್ಟಬಾರದು.

ಕತ್ತಿನ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕುವವರೆಗೆ ಮೊಣಕೈ ಮಡಿಕೆಯ ಅಥವಾ ಅದಕ್ಕೂ ಮೇಲಿನ ರಕ್ತನಾಳ ಸಾಕು. ಆದರೆ ಔಷಧಿ ಹೊರಗೆ ಸೋರಿದರೆ ಚರ್ಮ ಬಿಳಿಚಿ, ತಣ್ಣಗಾಗಿ, ಕೊಳೆಯಬಹುದು. ಆ ಜಾಗವನ್ನು ಆಗಾಗ ಬೆರಳಿನಿಂದ ಮುಟ್ಟಿ ನೋಡುವ ದಾದಿ ಯಾವ ಅಲಾರಂಗಿಂತಲೂ ಮೇಲು.

ನಿಜವಾದ ಎಡವಟ್ಟು ಸಿರಿಂಜ್ ಬದಲಿಸುವಾಗ. ಔಷಧಿಯ ಪ್ರಭಾವ ಕೆಲವೇ ನಿಮಿಷಗಳದ್ದು. ಹರಿವು ನಿಂತರೆ ಬಿಪಿ ನೋಡನೋಡುತ್ತಲೇ ಬೀಳುತ್ತದೆ. ಹಳೆಯದು ಖಾಲಿಯಾಗುವ ಮೊದಲೇ ಹೊಸದು ಸಿದ್ಧವಿರಬೇಕು. ಅದೇ ನಳಿಕೆಯಲ್ಲಿ ಬೇರೆ ಇಂಜೆಕ್ಷನ್ ತಳ್ಳಿದರೆ ಒಳಗಿದ್ದ ಔಷಧಿಯೆಲ್ಲ ಒಮ್ಮೆಗೇ ನುಗ್ಗಿ ಬಿಪಿ ಹಾರುತ್ತದೆ.

ನಾರ್‌ಅಡ್ರಿನಾಲಿನ್ ಪ್ರಮಾಣ ನಿಮಿಷಕ್ಕೆ ಕಿಲೋಗೆ 0.25 ಮೈಕ್ರೋಗ್ರಾಂ ದಾಟಿದರೂ ಗುರಿ ಮುಟ್ಟದಿದ್ದರೆ, ನಾಳ ಬಿಗಿಗೊಳಿಸುವ ಇನ್ನೊಂದು ಔಷಧಿಯಾದ ವಾಸೋಪ್ರೆಸಿನ್ ಅನ್ನು ನಿಮಿಷಕ್ಕೆ 0.03 ಯೂನಿಟ್‌ನಂತೆ ಸೇರಿಸುತ್ತಾರೆ. ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಡುವುದೂ ಉಂಟು. ಅಂಕಿ ಸರಿಯಾದರೆ ಸಾಲದು: ಮೂತ್ರ ಹರಿಯುತ್ತಿದೆಯೇ, ಒತ್ತಿ ಬಿಟ್ಟ ಬೆರಳ ತುದಿ ಮೂರು ಸೆಕೆಂಡಿನೊಳಗೆ ಕೆಂಪಾಗುತ್ತದೆಯೇ, ಅಂಗಗಳಿಗೆ ರಕ್ತ ಸಾಲದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಇಳಿಯುತ್ತಿದೆಯೇ ನೋಡಬೇಕು.

ಚೇತರಿಕೆ ಕಂಡ ಮೇಲೆ ಪಂಪ್ ವೇಗವನ್ನು ಹಂತಹಂತವಾಗಿ ಇಳಿಸುತ್ತಾರೆ. ಇಳಿಸಿದೊಡನೆ ಬಿಪಿ ಮತ್ತೆ ಜಾರಿದರೆ ಪ್ರಮಾಣವನ್ನು ಹಿಂದಿನಷ್ಟಕ್ಕೇ ಏರಿಸಿ, ಎಲ್ಲಾದರೂ ಕೀವು ಉಳಿದಿದೆಯೇ ಎಂದು ಹುಡುಕಬೇಕು.